ಮೆಟ್ಟಿಲ ಹುಡುಗಿಯ ನಡುಗುವ ದನಿ

ಕಿವಿಯಕ್ಕನ ಮುತ್ತಜ್ಜ ಗಂಟೆ ಎರಕ ಹೊಯ್ಯುತ್ತಿದ್ದವನು. ಗಡಿಯಾರದ ಗೋಪುರಕ್ಕೆಂದು ಹೊಯ್ದ ದೊಡ್ಡ ಗಂಟೆಯೊಂದನ್ನು ಗಾಡಿಗೇರಿಸಿ, ಹಗ್ಗ ಬಿಗಿದು, ಕುದುರೆ ಕಟ್ಟಿ ಆಗಿತ್ತಂತೆ. ಹೊರಡುವ ಮುಂಚೆ ಸುತ್ತಿಗೆಯ ಹಿಡಿಯಿಂದ ಒಂದು ಸಲ ಮೆಲ್ಲಗೆ ತಟ್ಟಿ, ಕಿವಿಗೊಟ್ಟು, "ಇದು ಸುಳ್ಳು ಹೇಳ್ತಾ ಇದೆ, ಇಳಿಸ್ರೋ" ಅಂದನಂತೆ. ಬಂದಿದ್ದ ದೊಡ್ಡವರೆಲ್ಲ ಗಂಟೆಯ ಸುತ್ತ ಸುತ್ತಿ ನೋಡಿದರು. ಕೂದಲೆಳೆಯಷ್ಟು ಬಿರುಕೂ ಕಾಣಲಿಲ್ಲ. ಮುತ್ತಜ್ಜ ಯಾರ ಮಾತಿಗೂ ಜಗ್ಗಲಿಲ್ಲ. ಆ ಗಂಟೆಯನ್ನು ಒಡೆದು ಮತ್ತೆ ಕುಲುಮೆಗೆ ಹಾಕಿಸಿದ.

ಅವನ ಮಗಳು, ಅಂದರೆ ಕಿವಿಯಕ್ಕನ ಅಜ್ಜಿ, ಗಾನತಟ್ಟೆಗಳನ್ನು ಅರಗಿನಲ್ಲಿ ಮಾಡುತ್ತಿದ್ದ ಕಾಲದಲ್ಲಿ ಕಾರ್ಖಾನೆಯ ಅರಗಿನ ಒಲೆಯ ಮುಂದೆ ನಿಂತವಳು. ಮೂಗಿನಲ್ಲೇ ಹದ ಹೇಳುತ್ತಿದ್ದಳು. ಒಮ್ಮೆ ಮಾಲೀಕನ ಅಳಿಯ ಬಂದು ಅರಗಿಗೆ ಕಲ್ಲಿನ ಪುಡಿ ಜಾಸ್ತಿ ಬೆರೆಸು ಅಂದಾಗ ಸೌಟನ್ನು ಅವನ ಕೈಗೇ ಕೊಟ್ಟು, "ನೀವೇ ಕಲಸಿ ಸ್ವಾಮಿ, ನನ್ನ ಕೈ ಇದಕ್ಕೆ ಬಗ್ಗಲ್ಲ" ಎಂದು ಮನೆಗೆ ನಡೆದುಬಿಟ್ಟಳು. ವಾರ ಕಳೆಯುವುದರೊಳಗೆ ಅದೇ ಅಳಿಯ ಅವಳ ಮನೆಯ ಹೊಸ್ತಿಲ ಹೊರಗೆ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ.

ಆ ಅಜ್ಜಿಯ ಮಗ, ಅಂದರೆ ಕಿವಿಯಕ್ಕನ ಅಪ್ಪ, ಅದೇ ಕಾರ್ಖಾನೆಯಲ್ಲಿ ಅಚ್ಚಿನ ಯಂತ್ರಗಳ ಮೇಸ್ತ್ರಿ. ಅಷ್ಟರಲ್ಲಿ ಅರಗು ಹೋಗಿ ಪ್ಲಾಸ್ಟಿಕ್ಕು ಬಂದಿತ್ತು, ಒಂದೊಂದು ಹಾಡಿನ ತಟ್ಟೆ ಹೋಗಿ ಹನ್ನೆರಡು ಹಾಡಿನ ಆಲ್ಬಂ ಬಂದಿತ್ತು. ಮೇಸ್ತ್ರಿ ಎದೆ ತಟ್ಟಿಕೊಂಡು ಹೇಳುತ್ತಿದ್ದ ಮಾತು ಒಂದೇ: "ಕೆಟ್ಟ ತಟ್ಟೆ ನನ್ನ ಕೈ ದಾಟಿ ಗೇಟು ದಾಟಿದ್ದಿಲ್ಲ." ಅವನು ಹೋದಾಗ ಹೆಣದ ಮುಂದೆಯೂ ಜನ ಇದೇ ಮಾತಾಡಿಕೊಂಡರು. ನಾನೂ ಆಡಿದ್ದೆ. ಅದೇ ಕಾರ್ಖಾನೆಯಲ್ಲಿ ತಟ್ಟೆಗಳಿಗೆ ಕವರು ಅಂಟಿಸುತ್ತಿದ್ದವನು ನಾನು. ಅವರ ಮನೆಗೂ ನಮ್ಮ ಮನೆಗೂ ನಡುವೆ ಇರುವುದು ಒಂದೇ ಗೋಡೆ.

ಇಂಥ ಮನೆತನದಲ್ಲಿ ಹುಟ್ಟಿದವಳು ಕಿವಿಯಕ್ಕ. ಹೆತ್ತವರಿಟ್ಟ ಹೆಸರು ಬೇರೆ ಇದೆ. ಅದನ್ನು ಕೂಗಿದರೆ ಆಕೆಯೇ ತಿರುಗಿ ನೋಡುವುದಿಲ್ಲ. ಕಾರ್ಖಾನೆಯಲ್ಲಿ ಆಕೆಯ ಕೆಲಸ ಕೇಳುವುದು. ಒಬ್ಬರು ಕೂತರೆ ಮೊಣಕಾಲು ತಾಗುವಷ್ಟು ಸಣ್ಣ ಗೂಡು, ಗೋಡೆಗೆಲ್ಲ ಹತ್ತಿಯ ಮೆತ್ತೆ. ಕಟ್ಟಿಗೊಂದರಂತೆ ತಟ್ಟೆ ಬರುತ್ತಿತ್ತು. ಅದನ್ನು ಹಾಕಿ ಕೇಳಬೇಕು. ಎಲ್ಲಿ 'ಟಿಕ್' ಅಂದಿತು, ಎಲ್ಲಿ 'ಬುಸ್' ಅಂದಿತು ಎಂದು ಮೇಣದ ಪೆನ್ಸಿಲಿನಿಂದ ಗುರುತು ಹಾಕಬೇಕು. ಹಾಡಿಗೂ ಆಕೆಗೂ ಅಲ್ಲಿ ಸಂಬಂಧವಿಲ್ಲ. ಜಗತ್ತೆಲ್ಲ ಹುಚ್ಚೆದ್ದು ಕುಣಿಯುತ್ತಿದ್ದ ಹಾಡುಗಳನ್ನು ಆಕೆ ಅಕ್ಕಿಯಲ್ಲಿ ಕಲ್ಲು ಹುಡುಕುವವಳ ಹಾಗೆ ಕೇಳುತ್ತಿದ್ದಳು. ಒಮ್ಮೆ ದೊಡ್ಡ ಸಾಹೇಬರು ಗೂಡಿಗೆ ಬಗ್ಗಿ, "ಹಾಡು ಹೇಗಿದೆಯಮ್ಮ?" ಎಂದು ಕೇಳಿದ್ದಕ್ಕೆ, "ಹಾಡಿತ್ತಾ ಸಾರ್? ನಾನು ನೋಡಲಿಲ್ಲ" ಅಂದಿದ್ದಳು.

ಮನೆಯಲ್ಲಿ ಮಾತ್ರ ಆ ಕಿವಿ ಬೇರೆ. ಭಾನುವಾರ ಮಧ್ಯಾಹ್ನ ಊಟ ಮುಗಿದರೆ ಅವರ ಮನೆಯಲ್ಲಿ ಹಾಡಿನ ಪಂಚಾಯಿತಿ. ಅರವತ್ತರ ದಶಕದ ಪಾಪ್ ಆಲ್ಬಂಗಳು, ಅವರೇ ಅಚ್ಚು ಹಾಕಿದವು, ಗೋಡೆಯುದ್ದಕ್ಕೂ ನಿಂತಿದ್ದವು. ಆ ವಾರ ಎರಡು ಆಲ್ಬಂ ತೆಗೆಯುವುದು, ಒಂದೊಂದರ ಒಂದೊಂದು ಮಗ್ಗುಲು ಕೇಳುವುದು. ಯಾವುದು ಎದೆಗೆ ಹೆಚ್ಚು ನಾಟಿತು ಎಂದು ಗೊತ್ತುಮಾಡಲು ಅವರಲ್ಲೊಂದು ರೀತಿಯಿತ್ತು. ಮಗ್ಗುಲು ಮುಗಿದ ಮೇಲೆ ಯಾರೂ ಮಾತಾಡಬಾರದು. ತಡೆಯಲಾರದೆ ಯಾರಾದರೂ ಬಾಯಿ ಬಿಡುವ ತನಕ ಕೂತಿರಬೇಕು. ಯಾವ ಆಲ್ಬಮ್ಮಿನ ಮೌನ ಹೆಚ್ಚು ಹೊತ್ತು ನಿಂತಿತೋ ಅದು ಗೆದ್ದ ಹಾಗೆ. ಇನ್ನೊಂದು ಕಟ್ಟಳೆ ಮೇಸ್ತ್ರಿ ಮಾಡಿಟ್ಟದ್ದು. ಕೇಳುವವರು ಯಂತ್ರಕ್ಕೆ ಬೆನ್ನು ಹಾಕಿ ಕೂರಬೇಕು. "ಸೂಜಿ ಓಡಾಡೋದನ್ನೇ ನೋಡ್ತಾ ಕೂತ್ರೆ ಕೆಲಸದ ನೆನಪಾಗುತ್ತೆ. ಮನೇಲಾದ್ರೂ ತಿರುಗಿ ಕೂತು ಹಾಡು ಕೇಳಿ" ಎನ್ನುತ್ತಿದ್ದ. ತಟ್ಟೆ ಹಾಕುವುದು ಅವನೇ. ಅವನ ಕಾಲ ಮುಗಿದ ಮೇಲೆ ಆ ಕೆಲಸ ಅಳಿಯನದಾಯಿತು.

ಅಳಿಯ, ಕಿವಿಯಕ್ಕನ ಗಂಡ, ಅದೇ ಮೇಸ್ತ್ರಿಯ ಕೈಕೆಳಗೆ ಪಳಗಿದವನು. ಅಚ್ಚಾದ ತಟ್ಟೆಗೆ ನಡುವೆ ತೂತು ಹೊಡೆಯುವುದು ಅವನ ಕೆಲಸ. ಹಾಗಾಗಿ ಎಲ್ಲರಿಗೂ ತೂತಣ್ಣ. "ನಾನು ತೂತು ಮಾಡದೆ ಇದ್ರೆ ನಿಮ್ಮ ಗಾಯಕರೆಲ್ಲ ಮೂಗರು ಕಣ್ರಯ್ಯಾ" ಎಂದು ಅವನೂ ಹೆಸರನ್ನು ಮೀಸೆ ಹಾಗೆ ತಿರುವಿಕೊಂಡು ಓಡಾಡುತ್ತಿದ್ದ.

ಆ ಭಾನುವಾರಗಳ ಮಾತು ಕೇಳಲು ನಾನು ಗೋಡೆಗೆ ಕಿವಿ ಕೊಡಬೇಕಿರಲಿಲ್ಲ. ಬಾಗಿಲು ತೆರೆದೇ ಇರುತ್ತಿತ್ತು, ಹೋಗಿ ಕೂರುತ್ತಿದ್ದೆ. ಆಲ್ಬಂಗಳನ್ನು ಅವರು ಕವರಿನ ಚಿತ್ರದಿಂದಲೇ ಕರೆಯುವುದು. ತೂತಣ್ಣನಿಗೆ ಪ್ರಾಣ 'ಕೊಡೆ ಹುಡುಗರು.' ಹಳದಿ ಕೊಡೆಯಡಿ ನಾಲ್ವರು ಹಲ್ಲು ಕಿರಿದು ನಿಂತ ಚಿತ್ರ, ಒಳಗೆ ಬರೀ ಕುಣಿತ. "ನಗಿಸ್ತಾ ನಗಿಸ್ತಾನೇ ಎಲ್ಲೋ ಒಂದು ಕಡೆ ಕೈ ಬಿಟ್ಟುಬಿಡ್ತಾರೆ ಕಣೇ. ಮುಗಿದಾಗ ಬಸ್ಸು ತಪ್ಪಿದವನ ಹಾಗೆ ನಿಂತಿರ್ತೀನಿ" ಎನ್ನುತ್ತಿದ್ದ. 'ಕೋಟಿನವನು' ಎಂಬ ಆಲ್ಬಂ ನನಗೆ ಇಷ್ಟ. ಹಿಂದೆ ದೊಡ್ಡ ವಾದ್ಯವೃಂದ, ಮುಂದೆ ಒಬ್ಬನೇ ಗಂಡಸು. ಕಿವಿಯಕ್ಕ ಅದಕ್ಕೆ ಮೂಗು ಮುರಿಯುತ್ತಿದ್ದಳು: "ಇವನು ಬಾಯಿ ತೆಗೆಯೋಕೆ ಮುಂಚೆ ಅಷ್ಟೂ ಪಿಟೀಲು ಅತ್ತು ಮುಗಿಸಿರುತ್ತೆ. ಇವನಿಗೆ ಉಳಿಯೋದೇನು? ಮೂಗು ಒರೆಸ್ಕೊಳ್ಳೋದು."

ಆಕೆಯದು 'ಮೆಟ್ಟಿಲ ಹುಡುಗಿ.' ಬೋಳು ಮೆಟ್ಟಿಲ ಮೇಲೆ ಒಬ್ಬಳು ಹುಡುಗಿ, ಚಪ್ಪಲಿ ಕೈಯಲ್ಲಿ ಹಿಡಿದು ಕೂತಿದ್ದಾಳೆ. ಹೆಚ್ಚು ಮಾರಾಟವಾದ ಆಲ್ಬಮ್ಮಲ್ಲ. ರೇಡಿಯೋದವರೂ ಅದರ ಮೊದಲ ಹಾಡನ್ನಷ್ಟೇ ಹಾಕಿ ಮರೆತರು. ಕಿವಿಯಕ್ಕ ಇನ್ನೂ ಶಾಲೆಗೆ ಹೋಗುತ್ತಿದ್ದಾಗ ಅದು ಬೇಕೆಂದು ಅಪ್ಪನ ಪ್ರಾಣ ತಿಂದಿದ್ದಳು. ಅಪ್ಪ ಹೊಸ ಕವರಿನಲ್ಲಿ ತಂದುಕೊಟ್ಟು, "ಸಂಬಳದಲ್ಲಿ ಕೊಂಡದ್ದು, ಮೊದಲ ದರ್ಜೆ ಮಾಲು" ಎಂದಿದ್ದ. ಕಾರ್ಖಾನೆಯವರ ಮನೆಗಳಿಗೆ ಬರುತ್ತಿದ್ದದ್ದೆಲ್ಲ ಗೀರು ಬಿದ್ದು ತಿರಸ್ಕಾರವಾದ, ಕವರಿನ ಮೂಲೆ ಕತ್ತರಿಸಿದ ತಟ್ಟೆಗಳು. ಮೂಲೆ ಕತ್ತರಿಸದ ತಟ್ಟೆ ಅವರ ಮನೆಯಲ್ಲಿ ಅದೊಂದೇ.

ಮೊದಲ ಮಗ್ಗುಲಿನ ಕೊನೆಯ ಹಾಡು. ಪಿಯಾನೋ ಒಂದು, ದನಿ ಒಂದು. ಬರುತ್ತೇನೆಂದು ಹೇಳಿ ಬಾರದವನಿಗೆ ಒಬ್ಬಳು, ಇನ್ನು ಬರಬೇಡ ಎಂದು ಹೇಳುತ್ತಾಳೆ. ಅಲ್ಲಿ ಆ ದನಿ ನಡುಗುತ್ತದೆ. ನೀರಿನ ಮೇಲಿನ ದೀಪದ ಬೆಳಕಿನ ಹಾಗೆ ಮೇಲೇರಿ ಕೆಳಗಿಳಿಯುತ್ತದೆ. "ಅವಳು ಅಳೋದನ್ನ ನುಂಗ್ತಾ ಇದಾಳೆ" ಎನ್ನುತ್ತಿದ್ದಳು ಕಿವಿಯಕ್ಕ. "ಪಿಯಾನೋದವನಿಗೂ ತಡೆಯೋಕಾಗಿಲ್ಲ, ಅವನ ಬೆರಳೂ ನಡುಗಿದೆ, ಕೇಳಿ. ಉಳಿದವರೆಲ್ಲ ದುಃಖನ ಹಾಡಿದಾರೆ. ಇವಳಿಗೆ ಹಾಡ್ತಾ ಹಾಡ್ತಾ ದುಃಖ ಬಂದಿದೆ." ಆ ಹಾಡಿನ ಮೇಲೆ ಮೌನ ಎಂದೂ ಬೇಗ ಒಡೆಯುತ್ತಿರಲಿಲ್ಲ. ಆಕೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ತೂತಣ್ಣ ನೆಲ ನೋಡುತ್ತ ಕಲ್ಲಾಗಿ ಕೂತಿರುತ್ತಿದ್ದ. ಹೀಗೆ ಪ್ರತಿ ಸಲವೂ ಗೆಲ್ಲುತ್ತಿದ್ದದ್ದು ಮೆಟ್ಟಿಲ ಹುಡುಗಿ. ಬೇರೆ ಯಾವ ಆಲ್ಬಂ ಕೇಳಿದರೂ ಆಕೆ ಅದಕ್ಕೇ ಹೋಲಿಸಿ ಅಳೆಯುತ್ತಿದ್ದಳು, ಅಳೆದು ಬದಿಗಿಡುತ್ತಿದ್ದಳು.

ಒಬ್ಬಳೇ ಒಬ್ಬಳು ಒಪ್ಪದವಳೆಂದರೆ ಕಿವಿಯಕ್ಕನ ತಂಗಿ. ಅವಳಿಗೆ 'ರೈಲಿನ ಮೂವರು' ಅಂದರೆ ಇಷ್ಟ. ರೈಲಿನ ಕಿಟಕಿಯಲ್ಲಿ ಮೂರು ಹುಡುಗಿಯರ ಮುಖ. "ಮೂವರೂ ಒಟ್ಟಿಗೆ ಹಾಡ್ತಿದ್ರೂ ಒಬ್ಬೊಬ್ಬಳೂ ಒಂಟಿ ಅನ್ಸುತ್ತೆ ಅಕ್ಕಾ, ಅದು ದೊಡ್ಡದು" ಎನ್ನುತ್ತಿದ್ದಳು. ಒಂದು ಭಾನುವಾರ ಮೆಟ್ಟಿಲ ಹುಡುಗಿ ಮುಗಿಯುತ್ತಿದ್ದ ಹಾಗೇ ಮೌನ ಮುರಿದು, "ಏನಾದ್ರೂ ಅನ್ಕೋ ಅಕ್ಕಾ, ಆ ಹಾಡು ಕೇಳಿದ್ರೆ ನನಗೆ ದೋಣಿ ಹತ್ತಿದ ಹಾಗೆ ಹೊಟ್ಟೆ ತೊಳಸುತ್ತೆ" ಅಂದಳು.

"ಹೊಟ್ಟೇಲಿ ಕೇಳುವವಳಿಗೆ ಹೊಟ್ಟೆ ತೊಳಸದೆ ಇನ್ನೇನು? ಎದೆ ಇದ್ದರಲ್ಲವಾ ಎದೆಗೆ ನಾಟೋದು" ಎಂದಳು ಕಿವಿಯಕ್ಕ.

"ಭಾವಾ, ನೀವಾದ್ರೂ ಹೇಳಿ, ನಿಮಗೆ ಹಾಗನ್ಸಲ್ವಾ?"

ತೂತಣ್ಣ ಎದ್ದು ಚಹಾ ಇಡಲು ಹೋದ. ತಂಗಿ ಸೆರಗು ಕೊಡವಿ ಎದ್ದವಳು ಮತ್ತೆ ಭಾನುವಾರಗಳಿಗೆ ಬರಲಿಲ್ಲ. ಸಾವು ನೋವಿಗೆ ಬಂದಳು, ಹೋದಳು. ಹಾಡಿಗೆ ಬರಲಿಲ್ಲ.

ಕ್ಯಾಸೆಟ್ಟು ಬಂದು ಕಾರ್ಖಾನೆ ಮುಚ್ಚಿತು. ಎಲ್ಲರೂ ಮುದುಕರಾದೆವು. ಈಚೆಗೆ ಹಳೇ ತಟ್ಟೆಗಳಿಗೆ ಮತ್ತೆ ಕಾಲ ಬಂದಿದೆ. ನಮ್ಮ ಬೀದಿಯ ತುದಿಯಲ್ಲಿ ತಟ್ಟೆ ಅಂಗಡಿ ಇಟ್ಟವನೊಬ್ಬ, ಕಾರ್ಖಾನೆಯ ಹಳೇ ಊಟದ ಮನೆಯನ್ನು ಬಾಡಿಗೆಗೆ ಹಿಡಿದು ಭಾನುವಾರ ಮಧ್ಯಾಹ್ನ ಒಂದು ಸಭೆ ಮಾಡುತ್ತೇನೆಂದು ಹೊರಟ. ಅರವತ್ತರ ದಶಕದ ಎರಡು ಆಲ್ಬಂ, ಒಂದೊಂದರ ಪರವಾಗಿ ಒಬ್ಬೊಬ್ಬರು ಮಾತಾಡುವುದು, ಆಮೇಲೆ ಹಾಡು ಕೇಳಿಸುವುದು, ಕೊನೆಗೆ ಜನ ಕೈ ಎತ್ತುವುದು. ಕಿವಿಯಕ್ಕನನ್ನು ಕರೆಯಲು ಮನೆಗೇ ಬಂದ.

"ಅಕ್ಕಾ, ಊರಲ್ಲಿ ನಿಮ್ಮ ಕಿವಿಗಿಂತ ದೊಡ್ಡ ಕಿವಿ ಇಲ್ಲ. ನೀವೇ ಬರ್ಬೇಕು."

"ಆನೆ ಅಂತ ಹೇಳೋಕೆ ಬಂದೆಯಾ?" ಎಂದಳು ಕಿವಿಯಕ್ಕ, ಆದರೆ ಮುಖ ಅರಳಿತ್ತು. "ನಂದು ಮೆಟ್ಟಿಲ ಹುಡುಗಿ. ಆ ಕೊನೇ ಹಾಡಲ್ಲಿ ಅವಳ ದನಿ ನಡುಗೋದನ್ನ ಕೇಳಿ ಗಂಟಲು ಕಟ್ಟದೆ ಇರೋನು ಒಬ್ಬ ಇದ್ರೆ, ಈ ಕಿವಿ ಕತ್ತರಿಸಿ ಕೊಡ್ತೀನಿ."

ತೂತಣ್ಣ ಒಳಗಿನಿಂದ ಬಂದ. "ಆ ತಟ್ಟೆ ಹೊರಗೆ ತಗೊಂಡು ಹೋಗೋದು ಬೇಡ. ಗೀರು ಬೀಳುತ್ತೆ. ಬೇರೆ ಯಾವುದಾದ್ರೂ ಹೇಳೇ, ಕೋಟಿನವನು ಹೇಳು."

"ಕೋಟಿನವನಾ? ನಿಮಗೆ ಜ್ವರ ಗಿರ ಬಂದಿದೆಯಾ?"

"ತಟ್ಟೆ ನೀವು ತರೋದೇ ಬೇಡ ಅಣ್ಣಾ. ಬಿಚ್ಚದೆ ಇರೋ ಒಂದು ನನ್ನ ಹತ್ರಾನೇ ಬಂದಿದೆ. ಅವತ್ತೇ ಎಲ್ಲರ ಮುಂದೆ ಬಿಚ್ಚೋಣ" ಎಂದ ಅಂಗಡಿಯವನು. ಸಮಾಧಾನವಾಗಲೆಂದೇ ಹೇಳಿದ ಮಾತು. ತೂತಣ್ಣನ ಮುಖ ಹುಳ್ಳಗಾಯಿತು. ಆ ವಾರವೆಲ್ಲ ಅವನು ಒಂದಿಲ್ಲೊಂದು ತಕರಾರು ತೆಗೆದ. ನಿನಗೆ ಕೆಮ್ಮು ಇದೆ ಅಂದ, ಸಭೆಯಲ್ಲಿ ಮಾತಾಡಿ ಅಭ್ಯಾಸವಿಲ್ಲ ಅಂದ, ಅಲ್ಲಿನ ಮೆಟ್ಟಿಲು ಕಡಿದು ಅಂದ. ಕಿವಿಯಕ್ಕ ನಮ್ಮ ಮನೆಗೆ ಬಂದು ನಕ್ಕಳು. "ಹೊಟ್ಟೆಕಿಚ್ಚು. ಎದುರಿಗೆ ಇರೋದು ಕೊಡೆ ಹುಡುಗರು, ಊರೆದುರು ಸೋಲ್ತಾರಲ್ಲ, ಅದಕ್ಕೆ."

ಸಭೆಗೆ ನಾವು ಎಣಿಸಿದ್ದಕ್ಕಿಂತ ಜನ ಸೇರಿದ್ದರು. ನಾವು ಒಂದು ಕಾಲದಲ್ಲಿ ಊಟದ ತಟ್ಟೆ ಹಿಡಿದು ಸಾಲು ನಿಲ್ಲುತ್ತಿದ್ದ ಜಾಗದಲ್ಲಿ ಕುರ್ಚಿ ಹಾಕಿತ್ತು. ಕೊಡೆ ಹುಡುಗರ ಪರವಾಗಿ ಒಬ್ಬ ಬಸ್ ಚಾಲಕ ಮಾತಾಡಿದ, ಚೆನ್ನಾಗಿಯೇ ಮಾತಾಡಿದ. ಕಿವಿಯಕ್ಕ ಎದ್ದಳು. ಆಕೆಯ ಮಾತನ್ನು ನಾನು ಈ ಬಡ ಬರವಣಿಗೆಯಲ್ಲಿ ಹಿಡಿಯಲಾರೆ. ಇಷ್ಟು ಮಾತ್ರ ನೆನಪಿದೆ.

"ಕೆಲವು ಆಲ್ಬಂ ಮೊದಲ ಸಲ ಕೇಳಿದಾಗ ಕೆನ್ನೆಗೆ ಹೊಡೀತವೆ, ಹತ್ತನೇ ಸಲಕ್ಕೆ ಕೆನ್ನೆ ಸವರ್ತವೆ, ಆಮೇಲೆ ಗೋಡೆಗೆ ಒರಗಿ ನಿದ್ದೆ ಮಾಡ್ತವೆ. ಇದು ಹಾಗಲ್ಲ. ನಾನು ಮದುವೆ ಆಗೋಕೆ ಮುಂಚೆ ಕೇಳಿದೀನಿ, ಅಪ್ಪ ಹೋದ ದಿನ ಕೇಳಿದೀನಿ, ಮೊನ್ನೆ ಕೇಳಿದೀನಿ. ಪ್ರತಿ ಸಲವೂ ಅದೇ ಜಾಗದಲ್ಲಿ ಆ ಹುಡುಗಿ ಒಡೆದುಹೋಗ್ತಾಳೆ. ಕೊನೇ ಹಾಡು ಬಂದಾಗ ಕಣ್ಣು ಮುಚ್ಚಿ. ಎರಡನೇ ನುಡಿಯಲ್ಲಿ ದನಿ ನಡುಗುತ್ತೆ. ಅದನ್ನ ಯಾರೂ ನಟನೆ ಮಾಡೋಕಾಗಲ್ಲ."

ಅಂಗಡಿಯವನು ಹೊಸ ತಟ್ಟೆ ಬಿಚ್ಚಿ ಹಾಕಿದ. ಕಿವಿಯಕ್ಕ ಅಭ್ಯಾಸದಂತೆ ಯಂತ್ರಕ್ಕೆ ಬೆನ್ನು ಹಾಕಿ ಕೂತಳು. ಹಾಡುಗಳು ಒಂದೊಂದಾಗಿ ಹೋದವು. ಕೊನೆಯ ಹಾಡು ಬಂತು. ಪಿಯಾನೋ ಬಂತು, ನೆಟ್ಟಗೆ, ನೆಲದ ಮೇಲೆ ಕಾಲೂರಿ ನಡೆಯುವವರ ಹಾಗೆ. ದನಿ ಬಂತು. ಎರಡನೆಯ ನುಡಿ ಬಂತು.

ದನಿ ನಡುಗಲಿಲ್ಲ.

ಹಾಡುವವಳು ಆ ಮಾತನ್ನು ತಣ್ಣಗೆ, ಬಾಗಿಲ ಚಿಲಕ ಹಾಕಿದ ಹಾಗೆ ಹೇಳಿ ಮುಗಿಸಿದಳು. ನನ್ನ ಪಕ್ಕದಲ್ಲಿದ್ದವರು ಯಾವಾಗ ನಡುಗುತ್ತದೋ ಎಂದು ಕಣ್ಣು ಮುಚ್ಚಿ ಕಾಯುತ್ತಲೇ ಇದ್ದರು. ಹಿಂದಿನ ಸಾಲಿನಲ್ಲಿ ಯಾರೋ, "ಎಲ್ಲಿ ನಡುಗಿತು? ನನ್ನ ಕುರ್ಚಿ ನಡುಗಿತು ಅಷ್ಟೆ" ಅಂದರು. ಸುತ್ತಲಿನವರು ನಕ್ಕರು. ಕೆಟ್ಟ ನಗೆಯಲ್ಲ. ಆದರೂ ನಗೆ.

ಕಿವಿಯಕ್ಕ ಎದ್ದು ನಿಂತಳು. "ಇದು ಬೇರೆ ಹಾಡು. ಆಮೇಲೆ ಯಾವಾಗಲೋ ಮತ್ತೆ ಹಾಡಿಸಿರ್ತಾರೆ."

"ಇಲ್ಲ ಅಕ್ಕಾ, ಆವಾಗಿನದೇ. ನಿಮ್ಮ ಕಾರ್ಖಾನೆದೇ ಗುರುತು ಇದೆ, ನೋಡಿ."

"ಹಾಗಾದ್ರೆ ನಿನ್ನ ಯಂತ್ರ ಸರಿಯಿಲ್ಲ. ಇರು, ನಂದು ತರ್ತೀನಿ."

"ಬೇಡ ಕಣೇ, ಬಾ, ಮನೆಗೆ ಹೋಗೋಣ" ಎಂದು ತೂತಣ್ಣ ಕೈ ಹಿಡಿದ. ಕೊಡವಿ ಹೊರಟಳು. ಮನೆ ಹತ್ತಿರವೇ. ಜನ ಚಹಾ ಕುಡಿದು ಮುಗಿಸುವುದರೊಳಗೆ ತಟ್ಟೆಯನ್ನು ಎದೆಗವಚಿಕೊಂಡು ಉಬ್ಬಸ ಬಿಡುತ್ತ ಬಂದಳು. ಅಂಗಡಿಯವನು ಕೊನೆಯ ಹಾಡಿಗೇ ಸೂಜಿ ಇಟ್ಟ. ದನಿ ನಡುಗಿತು. ಮೇಲೇರಿತು, ಇಳಿಯಿತು, ಏರಿತು, ಇಳಿಯಿತು.

"ಕೇಳಿದ್ರಾ?" ಎಂದಳು ಕಿವಿಯಕ್ಕ ಜನರ ಕಡೆ ತಿರುಗಿ. "ಈಗ ಹೇಳಿ!"

ಜನ ಆಕೆಯನ್ನು ನೋಡುತ್ತಿರಲಿಲ್ಲ. ಆಕೆಯ ಬೆನ್ನ ಹಿಂದಿನ ಯಂತ್ರವನ್ನು ನೋಡುತ್ತಿದ್ದರು. ಅಂಗಡಿಯವನು ಮೆಲ್ಲಗೆ, ನೋಯಿಸಬಾರದೆಂದೇ ಮೆಲ್ಲಗೆ, "ಅಕ್ಕಾ, ಸ್ವಲ್ಪ ಈ ಕಡೆ ನೋಡಿ" ಅಂದ.

ಸೂಜಿ ಹಿಡಿದ ತೋಳು ತಟ್ಟೆಯ ಮೇಲೆ ತೊಟ್ಟಿಲಿನ ಹಾಗೆ ಅತ್ತ ಇತ್ತ ತೂಗುತ್ತಿತ್ತು. ತೋಳು ಅತ್ತ ಹೋದಾಗ ದನಿ ಏರುತ್ತಿತ್ತು, ಇತ್ತ ಬಂದಾಗ ಇಳಿಯುತ್ತಿತ್ತು. ತಟ್ಟೆಯ ತೂತು ನಡುವಿಗೆ ಬಿದ್ದಿರಲಿಲ್ಲ. ಪಕ್ಕಕ್ಕೆ ಬಿದ್ದಿತ್ತು.

ಕಾರ್ಖಾನೆಯಲ್ಲಿ ದುಡಿದ ಯಾರಿಗಾದರೂ ಗೊತ್ತಿರುವ ಸಂಗತಿ, ಆಕೆಗೊಬ್ಬಳಿಗೆ ಹೇಗೆ ತಿಳಿಯಲಿಲ್ಲ ಎಂದು ಕೇಳುವವರಿದ್ದಾರೆ. ಅಂಥವರು ಒಂದು ಗೂಡಿನಲ್ಲಿ ಕೂತು ಕೆಲಸ ಮಾಡಿದವರಲ್ಲ. ತೂತು ನೆಟ್ಟಗಿದೆಯೇ ಎಂದು ನೋಡುವುದು ತೂತು ಹೊಡೆಯುವವನ ಕೆಲಸ. ಅವನು ತನ್ನ ಮೇಜಿನ ಮೇಲೆ, ಸದ್ದಿಲ್ಲದೆ, ತಟ್ಟೆ ತಿರುಗಿಸಿ, ಸೂಜಿಯ ತೋಳು ತೂಗುತ್ತದೆಯೇ ಎಂದು ಬರಿಗಣ್ಣಿನಿಂದ ನೋಡಿ ತಿಳಿಯುತ್ತಿದ್ದ. ಅಲ್ಲಿ ಕೆಟ್ಟದ್ದು ಅಲ್ಲಿಗೇ ನಿಲ್ಲುತ್ತಿತ್ತು, ಕೇಳುವ ಗೂಡಿಗೆ ಬರುತ್ತಲೇ ಇರಲಿಲ್ಲ. ಕಿವಿಯಕ್ಕ ತನ್ನ ಜನ್ಮದಲ್ಲಿ 'ಟಿಕ್' ಮತ್ತು 'ಬುಸ್' ಹಿಡಿದಳೇ ಹೊರತು, ತೂತು ತಪ್ಪಿದ ತಟ್ಟೆಯನ್ನು ಕೆಲಸದ ಕಿವಿಯಲ್ಲಿ ಒಮ್ಮೆಯೂ ಕೇಳಿದವಳಲ್ಲ. ಮನೆಯಲ್ಲಿ ಬೆನ್ನು ಹಾಕಿ ಕೂತಳು. ಆ ಕೊನೆಯ ಹಾಡಿಗೆ ಮೊದಲಿನವೆಲ್ಲ ಡೋಲು ಬಡಿತದ ಕುಣಿತ, ಅವುಗಳಲ್ಲಿ ಓಲಾಟ ಕಾಣುವುದಿಲ್ಲ. ನಿಧಾನದ ಹಾಡು, ಅದೂ ತಟ್ಟೆಯ ಒಳ ಅಂಚಿನಲ್ಲಿ, ಅಲ್ಲೇ ಅದು ಹೊರಬೀಳುವುದು.

ಅಂಗಡಿಯವನು ಮಾತು ಮರೆಸಲೆಂದು ಬೇಗ ಬೇಗ ಕೈ ಎತ್ತಲು ಹೇಳಿದ. ಮೆಟ್ಟಿಲ ಹುಡುಗಿಗೇ ಹೆಚ್ಚು ಕೈ ಎದ್ದವು. ಆ ತಣ್ಣನೆಯ ದನಿಯೇ ನಿಜವಾಗಿ ನಾಟಿತು ಎಂದರು ಕೆಲವರು. ಕರುಣೆಗೆ ಎತ್ತಿದ ಕೈಗಳೂ ಇದ್ದವೇನೋ, ನಾನು ಹೇಳಲಾರೆ. ಕಿವಿಯಕ್ಕ ಕೈಗಳ ಕಡೆ ನೋಡಲಿಲ್ಲ. ತನ್ನ ಗಂಡನನ್ನು ನೋಡುತ್ತಿದ್ದಳು. ಸಭೆಯಲ್ಲೆಲ್ಲ ಬೆರಗು ಕಾಣುತ್ತಿದ್ದ ಮುಖಗಳ ನಡುವೆ ಅವನ ಒಂದು ಮುಖದಲ್ಲಿ ಬೆರಗಿರಲಿಲ್ಲ.

ಮೂವರೂ ಮನೆಗೆ ನಡೆದೆವು. ಇನ್ನೂ ಬೆಳಕಿತ್ತು. ನಾನು ನಮ್ಮ ಬಾಗಿಲಿಗೆ ತಿರುಗಿದರೆ ಕಿವಿಯಕ್ಕ, "ನೀವೂ ಬನ್ನಿ. ಒಬ್ಬ ಸಾಕ್ಷಿ ಇರ್ಲಿ. ಇವತ್ತು ಕೇಳಿದ್ದನ್ನ ನಾಳೆ ಇವರು ಇಲ್ಲ ಅಂದಾರು" ಅಂದಳು.

ಅಡಿಗೆಮನೆಯ ಮೇಜಿನ ಮೇಲೆ ತಟ್ಟೆ ಇಟ್ಟಳು.

"ಯಾರು ಹೊಡೆದ ತೂತು ರೀ ಇದು?"

ತೂತಣ್ಣ ಕುರ್ಚಿಯ ತುದಿಯಲ್ಲಿ ಕೂತ. "ನಂದೇ. ಆಗಿನ್ನೂ ಕೈ ಕೂತಿರಲಿಲ್ಲ. ತೂತಿನ ಯಂತ್ರದ ಮೊಳೆ ಜಾರಿದ್ದು ಗೊತ್ತಾಗದೆ ಒಂದು ಕಟ್ಟು ಪೂರ್ತಿ ಹೊಡೆದುಬಿಟ್ಟೆ. ನಿಮ್ಮಪ್ಪ ಕತ್ತು ಹಿಡಿದು ಬೈದ್ರು. ನನ್ನ ಕೆಲಸ ಹೋಗ್ತಿತ್ತು, ಉಳಿಸಿದ್ರು. ಎಲ್ಲ ಒಡೆದು ಕರಗಿಸೋಕೆ ಹಾಕಿದ್ರು. ಒಂದು ಮಾತ್ರ ಅಂಗಿ ಒಳಗೆ ಇಟ್ಕೊಂಡ್ರು. ನೀನು ಅದೇ ಬೇಕು ಅಂತ ಊಟ ಬಿಟ್ಟಿದ್ದೆಯಂತೆ. ಹೊಸ ಕವರು ನಾನೇ ತಂದುಕೊಟ್ಟೆ."

"ಬೆನ್ನು ಹಾಕಿ ಕೂರೋ ಕಟ್ಟಳೆ?"

ತೂತಣ್ಣ ಮೇಜಿನ ಅಂಚನ್ನು ಉಗುರಿನಿಂದ ಕೆರೆಯತೊಡಗಿದ.

"ಬಾಯಿ ಬಿಡಿ."

"ಅದು ಬಂದ ಮೇಲೆ ಮಾಡಿದ್ದು. ನೀನು ತೋಳು ನೋಡಬಾರದು ಅಂತ."

ಆ ಮೇಸ್ತ್ರಿಯ ಹೆಣದ ಮುಂದೆ ನಾನು ಆಡಿದ ಹೊಗಳಿಕೆ ನನ್ನ ಬಾಯಲ್ಲೇ ಕಹಿಯಾಯಿತು. ಕಿವಿಯಕ್ಕನ ಮುಖದಲ್ಲಿ ಏನೂ ಕದಲಲಿಲ್ಲ.

"ಅಪ್ಪ ಬಡವ, ಮಗಳ ಹಟ, ಏನೋ ಮಾಡಿದ. ಅದನ್ನ ಆಮೇಲೆ ನೋಡ್ಕೊಳ್ತೀನಿ. ನೀವು ಹೇಳಿ. ಮದುವೆಯಾದ ಹೊಸದರಲ್ಲಿ ನಿಮ್ಮನ್ನ ಪಕ್ಕದಲ್ಲಿ ಕೂರಿಸ್ಕೊಂಡು ಈ ಹಾಡು ಕೇಳಿಸಿದೆ. ಆಗ ಯಾಕೆ ಹೇಳಲಿಲ್ಲ?"

"ಹೇಳೋಣ ಅಂತಲೇ ಬಾಯಿ ತೆಗೆದೆ. ನೀನು ಅಳ್ತಾ ಇದ್ದೆ."

"ಮಾರನೇ ವಾರ?"

"ಆವಾಗಲೂ ಅಳ್ತಾ ಇದ್ದೆ."

"ನನ್ನ ತಂಗಿ ಹೊಟ್ಟೆ ತೊಳಸುತ್ತೆ ಅಂದಳಲ್ಲ. ಸರಿಯಾಗೇ ಕೇಳಿದ್ದಳು ಅವಳು. ನಿಮ್ಮನ್ನೇ ಕೇಳಿದಳು, ಭಾವ ನೀವು ಹೇಳಿ ಅಂತ. ಅವಳಿಗೆ ಎದೆ ಇಲ್ಲ ಅಂತ ನಾನು ಅಂದೆ. ನೀವು ಅಲ್ಲೇ ಇದ್ರಿ. ಚಹಾ ಇಡೋಕೆ ಹೋದ್ರಿ!"

ಆಮೇಲೆ ತೂತಣ್ಣ ಆಡಿದ ಮಾತು ಆಡಬಾರದಿತ್ತು. ಪ್ರೀತಿಯಿಂದಲೇ ಆಡಿದ, ಅದೇ ಕಷ್ಟ. "ಹೇಳದೆ ಇದ್ದದ್ದಕ್ಕೆ ಇನ್ನೊಂದು ಕಾರಣ ಇತ್ತು ಕಣೇ. ಆ ಹಾಡಿನಲ್ಲಿ ನೀನು ಅಳ್ತಿದ್ದದ್ದು ಅವಳ ದನಿಗಲ್ಲ. ನನ್ನ ಕೈ ಜಾರಿದ್ದಕ್ಕೆ. ಜಗತ್ತಲ್ಲಿರೋ ಅಷ್ಟೂ ಹಾಡುಗಾರರನ್ನ ಬಿಟ್ಟು ನನ್ನ ಕೈ ತಪ್ಪಿಗೆ ಅಳ್ತಾಳಲ್ಲ ಅಂತ ಒಳಗೊಳಗೇ ಹಿಗ್ಗುತ್ತಿದ್ದೆ."

ಕಿವಿಯಕ್ಕ ತಟ್ಟೆಯನ್ನು ಬದಿಗೆ ಸರಿಸಿದಳು.

"ಹಿಗ್ಗಿದ್ರಾ? ಒಂದೊಂದು ಭಾನುವಾರವೂ?" ಎಂದಳು. "ಹಾಡು ಮುಗಿದ ಮೇಲೆ ನೀವು ನೆಲ ನೋಡ್ತಾ ಕೂತಿರ್ತಿದ್ರಿ. ಈ ಗಂಡಸಿಗೆ ಎಷ್ಟು ನಾಟಿದೆ ನೋಡು ಅಂತ ನಾನು ಬೀಗ್ತಿದ್ದೆ. ಆ ಮೌನವನ್ನ ಲೆಕ್ಕಕ್ಕೆ ಹಿಡಿದು ಗೆದ್ದೆ ಅಂದ್ಕೊಂಡೆ. ಕೊಡೆ ಹುಡುಗರನ್ನ ಹಾಸ್ಯ ಮಾಡಿದೆ, ಪಾಪ ಇವರ ಕೋಟಿನವನನ್ನ ಮೂಗು ಒರೆಸ್ಕೊಳ್ಳೋನು ಅಂದೆ, ಒಡಹುಟ್ಟಿದವಳನ್ನ ದೂರ ಮಾಡ್ಕೊಂಡೆ. ಎಲ್ಲಾನೂ ಒಂದು ಓರೆ ತೂತಿಗೆ ಹೋಲಿಸಿ. ಕಾರ್ಖಾನೇಲಿ ಯಾರ ಕಣ್ಣಿಗೂ ಮಣ್ಣೆರಚದೋರು ನನ್ನ ಕಿವಿಗೆ ಮಣ್ಣು ತುಂಬಿದ್ರಿ, ಮಾವ ಅಳಿಯ ಇಬ್ಬರೂ ಸೇರಿ."

"ನೀನು ಸುಖವಾಗಿದ್ದೆಯಲ್ಲೇ."

"ಸುಖ ಯಾರದು ರೀ? ನಂದಾ, ನಿಮ್ಮದಾ?"

ಆಕೆ ಎದ್ದು ನಡುಮನೆಗೆ ಹೋಗಿ ಗೋಡೆಯ ಆಲ್ಬಂಗಳನ್ನು ಮೊದಲನೆಯದರಿಂದ ಕೆಳಗಿಳಿಸತೊಡಗಿದಳು. ಹತ್ತಾರು ತಟ್ಟೆಯ ಕಟ್ಟು ಕಲ್ಲಿನ ಭಾರ. ಆಕೆಯ ಕೈ ಸೋಲುತ್ತಿತ್ತು. ಅವನ್ನು ಹಿತ್ತಿಲ ಕಡೆಯ ಸಣ್ಣ ಕೋಣೆಗೆ, ಹಳೇ ಟ್ರಂಕುಗಳಿರುವ ಕಡೆಗೆ, ಸಾಗಿಸುತ್ತಿದ್ದಳು. ಅಲ್ಲಿ ಒಬ್ಬರು ಕೂರುವಷ್ಟೇ ಜಾಗ.

ತೂತಣ್ಣ ಬಾಗಿಲಲ್ಲಿ ನಿಂತು ನೋಡಿದ. "ತಟ್ಟೆ ಸರಿಮಾಡಬಹುದು. ಆ ತೂತನ್ನ ಅರದಿಂದ ಸ್ವಲ್ಪ ಅಗಲ ಮಾಡಿ ನಡುವಿಗೆ ಕೂರಿಸ್ತೀನಿ. ನೆಟ್ಟಗೆ ಹಾಡುತ್ತೆ. ನಾಳೆನೇ ಮಾಡ್ತೀನಿ."

ಆಕೆ ಕೇಳಿಸದವಳಂತೆ ಕೆಲಸ ಮುಂದುವರಿಸಿದಳು.

"ಯಂತ್ರನಾದ್ರೂ ನಾನು ಹೊತ್ತು ತರ್ತೀನಿ. ಭಾರ ಇದೆ, ನಿನ್ನ ಸೊಂಟ ಹಿಡ್ಕೊಳ್ಳುತ್ತೆ. ತಟ್ಟೆ ಹಾಕೋಕೂ ಯಾರಾದ್ರೂ ಬೇಕಲ್ಲ. ಮೊದಲಿನಿಂದ ಎಲ್ಲಾನೂ ಇನ್ನೊಂದು ಸಲ ಕೇಳೋಣ, ಇಬ್ಬರೂ ಕೂತು. ಯಾವುದು ಏನು ಅಂತ ನಾನು ಹೇಳ್ತಾ ಹೋಗ್ತೀನಿ."

ನಾನೂ ಎದ್ದೆ. ಯಂತ್ರದ ಒಂದು ಬದಿಗೆ ಕೈ ಹಾಕಿದೆ. ಕಿವಿಯಕ್ಕ ಬಂದು ನನ್ನ ಕೈಯನ್ನು ಮೆತ್ತಗೆ ತೆಗೆದಳು. ಯಂತ್ರವನ್ನು ಹೊಟ್ಟೆಗೆ ಒರಗಿಸಿಕೊಂಡು ಎತ್ತಿದಳು. ಗಂಡ ಅಡ್ಡ ನಿಂತಿದ್ದ.

"ದಾರಿ ಬಿಡಿ," ಎಂದಳು. "ಯಾರೂ ಕೈ ಹಾಕಬೇಡಿ. ಎತ್ತಿಕೊಡೋದೂ ಬೇಡ, ಹಾಕಿಕೊಡೋದೂ ಬೇಡ, ಪಕ್ಕದಲ್ಲಿ ಕೂತ್ಕೊಂಡು ಹೇಳಿಕೊಡೋದಂತೂ ಬೇಡವೇ ಬೇಡ. ಯಾವ ಹಾಡಿಗೆ ನನಗೆ ಅಳು ಬರುತ್ತೆ ಅನ್ನೋದನ್ನ ಈ ವಯಸ್ಸಲ್ಲಾದ್ರೂ ನಾನೊಬ್ಬಳೇ ಕೂತು ಕಂಡುಕೊಳ್ತೀನಿ."